ತಿರುವಿನ ಕುಂಬಳಕಾಯಿ

ಬಂಗಾರಪೇಟೆಗೂ ಕೆಜಿಎಫ್‌ಗೂ ನಡುವೆ, ಹೆದ್ದಾರಿಯ ತಿರುವಿಗೆ ಅಂಟಿಕೊಂಡಂತೆ ನಮ್ಮೂರು. ಕೆಜಿಎಫ್‌ನ ಊರಿಗಾಂನಲ್ಲಿ ಕೆಲಸ ಮುಗಿಸಿ ನಾನು ಸ್ಕೂಟರಿನಲ್ಲಿ ಬರುವ ಹೊತ್ತಿಗೆ ನನ್ನ ಹೆಂಡತಿ ರಸ್ತೆಯಾಚೆಯ ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದು ತಿರುವಿನಲ್ಲೇ ನಿಂತಿರುತ್ತಿದ್ದಳು. ನಾನು ದಾಟಿದ ಮೇಲೆಯೇ ಅವಳು ಮನೆಯ ಕಡೆ ಹೊರಡುವುದು. ಆ ತಿರುವಿನಲ್ಲೇ ನನ್ನ ಅಣ್ಣ ಲಾರಿಗೆ ಸಿಕ್ಕಿ ತೀರಿಕೊಂಡಿದ್ದ. ಮುಂದಿನ ಸರದಿ ನನ್ನದೇ ಎಂಬ ಭಯ ಅವಳನ್ನು ಬಿಟ್ಟಿರಲಿಲ್ಲ.

ಅಪಘಾತ ತಪ್ಪಿಸಲು ಊರಿನ ಗಂಡಸರು ಕಂಡುಕೊಂಡಿದ್ದ ದಾರಿ ಒಂದೇ: ಅಮಾವಾಸ್ಯೆ ಸಂಜೆ ತಿರುವಿನ ನಟ್ಟನಡುವೆ ಕುಂಕುಮ ತುಂಬಿದ ಬೂದುಗುಂಬಳಕಾಯಿ ಒಡೆಯುವುದು. ಕಾಯಿ ನಮ್ಮ ಹಿತ್ತಲ ಬಳ್ಳಿಯದೇ. ಒಂದು ಅಮಾವಾಸ್ಯೆ ಆ ಹೋಳಿನ ಮೇಲೆ ಚಕ್ರ ಜಾರಿ, ಅವಳ ಕಣ್ಣೆದುರೇ ದೊಪ್ಪನೆ ಬಿದ್ದೆ. ರಸ್ತೆಗೆ ದೃಷ್ಟಿ ತೆಗೆಯಲು ಹೋಗಿ ನನ್ನನ್ನೇ ಬಲಿ ತೆಗೆದುಕೊಳ್ಳುವುದಿತ್ತು! ಸುಲಿದ ಮೊಣಕಾಲಿಗಿಂತ ಅವಳ ಅಳು ಹೆಚ್ಚು ನೋಯಿಸಿತು.

ಆಮೇಲೆ ಅವಳು ಊರಿಗೆ ಕಾಯಿ ಕೊಡಲಿಲ್ಲ. ಸೆರಗು ಬಿಗಿದು ಪಂಚಾಯಿತಿಗೇ ಹೋದಳು. ಅಲೆದಲೆದು ರಸ್ತೆಗೊಂದು ಉಬ್ಬು ಹಾಕಿಸಿದಳು. ಆದರೆ ಅದಕ್ಕೆ ಬಣ್ಣವಿಲ್ಲ, ಇದ್ದದ್ದೂ ತಿರುವಿನಲ್ಲೇ. ಗಾಡಿಗಳು ಅದರ ಮೇಲೆ ಬಂದಾಗಲೇ ಬ್ರೇಕ್ ಹಾಕುತ್ತಿದ್ದವು. ಪರಿಶೀಲನೆಗೆ ಬಂದ ಇಂಜಿನಿಯರ್ ಹೆಣ್ಣುಮಗಳನ್ನು ನನ್ನವಳು ತಡೆದಳು.

“ಜೀಪಲ್ಲಿ ಕೂತ್ಕಂಡು ನೋಡಿದ್ರೆ ಏನ್ ಕಾಣ್ತೈತೆ ಮೇಡಮ್ಮೋರೆ? ಈ ಆಲಿನ ಕ್ಯಾನ್ ಇಡ್ಕಂಡು ದಾಟಿ ನೋಡಿ.”

ಆಕೆ ತುಂಬಿದ ಕ್ಯಾನು ಹಿಡಿದು ರಸ್ತೆಗಿಳಿದೇಬಿಟ್ಟರು! ಟಿಪ್ಪರ್ ಒಂದು ನುಗ್ಗಿ ಬಂದದ್ದಕ್ಕೆ ಬೆಚ್ಚಿ ಹಿಂದಕ್ಕೆ ಬಂದರು. ಆಮೇಲೆ ಇಡೀ ಸಂಜೆ ಇಬ್ಬರೂ ಬದಿಯಲ್ಲಿ ನಿಂತು, ಗಾಡಿಗಳು ನಿಧಾನಿಸುವ ಜಾಗಕ್ಕೆಲ್ಲ ಸುಣ್ಣದ ಗುರುತು ಹಾಕಿದರು. ಇಂಥ ಅಧಿಕಾರಿಯನ್ನು ನಾನು ಕಂಡದ್ದೇ ಮೊದಲು. ಇಬ್ಬರನ್ನೂ ನೋಡಿ ಹೆಮ್ಮೆಯಾಯಿತು.

ಉಬ್ಬು ತಿರುವಿಗಿಂತ ಸಾಕಷ್ಟು ಹಿಂದಕ್ಕೆ ಹೋಯಿತು, ಬಿಳಿ ಪಟ್ಟೆ ಬಂತು, ಹೊಳೆಯುವ ಫಲಕ ನಿಂತಿತು. ಲಾರಿಗಳು ತೆವಳಿಕೊಂಡು ಬರತೊಡಗಿದವು. ನನ್ನವಳು ಅಷ್ಟು ಬೇಗ ನಂಬುವವಳಲ್ಲ. ತಿಂಗಳುಗಟ್ಟಲೆ ಅಲ್ಲೇ ನಿಂತು ನೋಡಿದಳು.

ಮೊನ್ನೆ ಅಮಾವಾಸ್ಯೆ ಸಂಜೆ ತಿರುವಿನಲ್ಲಿ ಅವಳಿರಲಿಲ್ಲ. ಮನೆಗೆ ಧಾವಿಸಿದರೆ, ಒಲೆ ಮುಂದೆ ಆರಾಮಾಗಿ ಕೂತಿದ್ದಾಳೆ. ಪಕ್ಕದಲ್ಲಿ ಇಡೀ ಕುಂಬಳಕಾಯಿ, ಮಚ್ಚು. ಕುಂಬಳಕಾಯಿಗೆ ಮೊದಲ ಏಟು ಗಂಡಸೇ ಹಾಕಬೇಕೆಂಬುದು ನಮ್ಮ ಕಡೆಯ ಪದ್ಧತಿ.

“ತಿರುವಲ್ಲಿ ಯಾಕೆ ನಿಂತಿರ್ಲಿಲ್ಲ?” ಏದುಸಿರಿನಲ್ಲೇ ಕೇಳಿದೆ.

“ಬತ್ತೀರ ಅಂತ ಗೊತ್ತಿತ್ತಲ್ಲ,” ಎಂದಳು. “ಸಾರಿಗೆ ರುಬ್ಬಿ ಇಕ್ಕಿದೀನಿ. ಕಾಯಿಗೆ ಒಂದೇಟ್ ಆಕ್ಕೊಡಿ.”