ಹಾಫ್‌ಮನ್ ಎಸ್ಟೇಟ್ಸಿನ ಎಣ್ಣೆಗಾಯಿ

ಕಲ್ಲಿನಾಥನ ಹೋಟೆಲಿನ ವಿಷಯ ಮೊದಲ ಸಲ ನನ್ನ ಕಿವಿಗೆ ಬಿದ್ದದ್ದು ಒಂದು ಶನಿವಾರ, ಡಾಲರಿನ ದೇಶದಲ್ಲಿ ಮಗಳಿರುವ ಊರು ಅರೋರಾದ ಬಾಲಾಜಿ ಗುಡಿಯಿಂದ ಕಾರಿನಲ್ಲಿ ಮನೆಗೆ ಬರುವಾಗ. ಮೊಮ್ಮಗಳು ಸಿಯಾ ಫೋನು ನೋಡುತ್ತಾ, ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನಲ್ಲಿ ಉತ್ತರ ಕರ್ನಾಟಕದ ಊಟದ ಹೋಟೆಲ್ ಒಂದಿದೆ, ಇನ್ನೂರ ಹನ್ನೆರಡು ಮಂದಿ ಹೊಗಳಿ ಬರೆದಿದ್ದಾರೆ ಎಂದು ಓದತೊಡಗಿದಳು. ಅವಳು ಓದಿದ್ದರಲ್ಲಿ ‘ಅಥೆಂಟಿಕ್’ ಅನ್ನುವ ಮಾತು ಆರು ಸಲ ಬಂತು. ಹಾಗೆಂದರೆ ಏನೇ ಎಂದು ಕೇಳಿದೆ. ಡ್ರೈವ್ ಮಾಡುತ್ತಿದ್ದ ಮಗಳು ಸ್ಮಿತಾ, ಕಲಬೆರಕೆ ಇಲ್ಲದ್ದು, ನಿಮ್ಮ ಕಾಲದಲ್ಲಿ ಮಾಡುತ್ತಿದ್ದರಲ್ಲ ಹಾಗೆ ಎಂದಳು. ನನಗೆ ನಗು ಬಂತು. ನನ್ನ ಹಾಲಿನಲ್ಲಿ ನೀರಿಲ್ಲ ಎಂದು ಗವಳಿಯೇ ಓಣಿತುಂಬ ಕೂಗಿಕೊಂಡು ಬಂದರೆ, ಮೊದಲು ಅವನ ಕ್ಯಾನಿನ ಮುಚ್ಚಳ ತೆಗೆದು ನೋಡಬೇಕು.

ಮರುದಿನವೇ ಹೋದೆವು. ಇಪ್ಪತ್ತೆಂಟು ಮೈಲಿ. ಉಗುರಿಗೆ ಬಣ್ಣ ಹಚ್ಚುವ ಅಂಗಡಿಗೂ ಬಟ್ಟೆ ಒಗೆಯುವ ಅಂಗಡಿಗೂ ನಡುವೆ ಹೋಟೆಲ್. ತಿಂಡಿಗಳ ಹೆಸರನ್ನು ಸಿಯಾ ಓದಿ ಹೇಳಿದಳು. ರೊಟ್ಟಿ ಟ್ಯಾಕೊ, ಜುಣಕದ ಬರ್ಗರ್, ಐಸ್‌ಕ್ರೀಮ್ ಹೋಳಿಗೆ. ನಾನು ಎಣ್ಣೆಗಾಯಿ, ರೊಟ್ಟಿ ಹೇಳಿದೆ. ಬಡಿಸುವ ಹುಡುಗಿ ಖಾರ ಎಷ್ಟಿರಬೇಕು, ಮೈಲ್ಡಾ, ಮೀಡಿಯಮ್ಮಾ ಎಂದು ಕೇಳಿದಳು. ನಲವತ್ತು ವರ್ಷ ಒಲೆ ಮುಂದೆ ಕೂತವಳು ನಾನು, ನಮ್ಮ ಅತ್ತೆಯೂ ನನ್ನನ್ನು ಹಾಗೆ ಕೇಳಿರಲಿಲ್ಲ.

ಬಂದ ತಟ್ಟೆಯನ್ನು ನೋಡಿದರೆ ಸಾಕಿತ್ತು. ಜೋಳದ ರೊಟ್ಟಿಯ ಅಂಚು ಸೀಳಿರಬೇಕು, ಬಡಿದ ಕೈಯ ಗುರುತು ಮೇಲೆ ಇರಬೇಕು. ಇದೋ ಬಟ್ಟಲು ಕವುಚಿ ಕೊಯ್ದಷ್ಟು ದುಂಡಗೆ. ಹರಿದರೆ ಸೈಕಲ್ ಟ್ಯೂಬಿನ ಹಾಗೆ ಜಗ್ಗುತ್ತಿತ್ತು, ಅಷ್ಟು ಮೈದಾ. ಎಣ್ಣೆಗಾಯಿ ಎಂದರೆ ಕುಂಬಳದಷ್ಟು ದಪ್ಪ ಬದನೆಯ ಹೋಳುಗಳು, ಮೇಲೆ ಕಂದು ಬಣ್ಣದ ಅಂಟು. ಬಾಯಿಗಿಟ್ಟೆ. ಪೀನಟ್ ಬಟರ್. ಸಿಯಾ ಬೆಳಿಗ್ಗೆ ಬ್ರೆಡ್ಡಿಗೆ ಬಳಿದುಕೊಳ್ಳುವ ಅದೇ ಸಕ್ಕರೆ ಹಾಕಿದ ಡಬ್ಬಿಯದು. ಶೇಂಗಾ ಹುರಿದು ಕುಟ್ಟುವ ಬದಲು ಡಬ್ಬಿ ತೆರೆದು ಸುರುವಿದ್ದ ಪುಣ್ಯಾತ್ಮ.

ಪಕ್ಕದ ಮೇಜಿನಲ್ಲಿ ಲೈಲ್ ಊರಿನ ಸುರೇಶ ಕೂತಿದ್ದ. ಇಲ್ಲಿನ ಕನ್ನಡಿಗರ ಬಳಗದ ಕಾರ್ಯದರ್ಶಿ, ಹುಟ್ಟಿ ಬೆಳೆದದ್ದು ಬೆಂಗಳೂರು. ಅದೇ ಎಣ್ಣೆಗಾಯಿಯನ್ನು ಫೋರ್ಕಿನಲ್ಲಿ ಚುಚ್ಚಿ ತಿನ್ನುತ್ತಾ, "ಆಂಟಿ, ಪಕ್ಕಾ ಅಥೆಂಟಿಕ್ ಅಲ್ವಾ?" ಎಂದ. ನಾನು ಬಡಿಸುವ ಹುಡುಗಿಯ ಕಡೆ ತಿರುಗಿದೆ. ಅಡುಗೆಯವನನ್ನು ಕರೆಯಿರಿ ಎಂದೆ.

ಒಳಗಿನಿಂದ ಬಂದವನೇ ಕಲ್ಲಿನಾಥ. ಐವತ್ತೈದು ದಾಟಿದ ಮನುಷ್ಯ, ದಪ್ಪ ಮೀಸೆ, ಕೈಯ ಮೇಲೆಲ್ಲ ಎಣ್ಣೆ ಸಿಡಿದ ಕಲೆ.

"ಬದನೀಕಾಯಿ ಪಾಯಸ ಯಾವಾಗ ಕಲತ್ಯಪ್ಪಾ?" ಎಂದೆ. "ಎಣ್ಣಿಗಾಯಿ ಅಂತ ಹೇಳಿ ಇದನ್ನ ಕೊಡಾಕ ನಾಚಿಕಿ ಬರೂದಿಲ್ಲೇನು?"

ಸ್ಮಿತಾ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಅವನಿಗೆ ಸಿಟ್ಟು ಬರಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಉಪ್ಪು ಹೇಗಿದೆ, ಹುಳಿ ಸಾಕೋ ಬೇಕೋ ಎಂದು ಒಂದೊಂದಾಗಿ ಕೇಳಿದ. ಬೈಗುಳವನ್ನು ಔಷಧಿ ಚೀಟಿಯಂತೆ ಕೇಳಿಸಿಕೊಳ್ಳುವ ಇಂಥ ಲಜ್ಜೆಗೇಡಿಯನ್ನು ನಾನು ನೋಡಿರಲಿಲ್ಲ. ಯಾವ ಊರು ಎಂದು ಕೇಳಿದೆ. ಗದಗ ಎಂದ. ಬಸ್‌ಸ್ಟ್ಯಾಂಡಿನ ಹಿಂದೆ ರುದ್ರಮ್ಮನ ಖಾನಾವಳಿ ಎಂದು ಒಂದಿತ್ತು, ಆ ರುದ್ರಮ್ಮ ನಮ್ಮವ್ವ ಎಂದ.

ಆ ಹೆಸರು ಕೇಳಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟೆ. ನನ್ನ ಯಜಮಾನರು ನರಗುಂದದಲ್ಲಿ ಹತ್ತಿ ಅಂಗಡಿಯ ಗುಮಾಸ್ತರು. ವಾರಕ್ಕೊಮ್ಮೆ ಗದಗಿನ ಮಾರುಕಟ್ಟೆಗೆ ಹೋಗಿ, ಆ ಖಾನಾವಳಿಯಲ್ಲಿ ಉಂಡು ಬಂದು, ರುದ್ರಮ್ಮನ ಎಣ್ಣೆಗಾಯಿ ಮುಂದೆ ನಿನ್ನದೇನೂ ಅಲ್ಲ ಎನ್ನುತ್ತಿದ್ದರು. ಒಮ್ಮೆ ಆ ಮಾತಿಗೆ ಹದಿನೈದು ದಿನ ಅವರ ಜೊತೆ ಮಾತು ಬಿಟ್ಟಿದ್ದೆ. ಆಮೇಲೆ ಬಳೆ ತರುತ್ತೇನೆಂದು ಸುಳ್ಳು ಹೇಳಿ ಗದಗಿನ ಬಸ್ಸು ಹತ್ತಿದೆ. ಹೆಂಗಸರು ಖಾನಾವಳಿಯಲ್ಲಿ ಕೂತು ಉಣ್ಣುವ ಕಾಲವಲ್ಲ ಅದು. ರುದ್ರಮ್ಮ ನನ್ನನ್ನು ಒಳಗೆ, ಒಲೆಯ ಹತ್ತಿರ ಕೂರಿಸಿದಳು. ನಿಂಬೆಹಣ್ಣಿನಷ್ಟೇ ಬದನೆ, ತೊಟ್ಟು ಬಿಡಿಸದೆ ನಾಲ್ಕಾಗಿ ಸೀಳಿದ್ದು. ಶೇಂಗಾ, ಅದರ ಅರ್ಧ ಗುರೆಳ್ಳು ಎಂಬ ಕರಿ ಹುಚ್ಚೆಳ್ಳು, ಹುಣಸೆ, ಬೆಲ್ಲ ಇದ್ದೂ ಇಲ್ಲದಷ್ಟು. ಎಲ್ಲ ಬೆಂದ ಮೇಲೂ ಅವಳು ಇಳಿಸಲಿಲ್ಲ. ತಳ ಹಿಡಿಯುವ ವಾಸನೆ ಮೂಗಿಗೆ ಬಂದ ಗಳಿಗೆಯಲ್ಲಿ ಇಳಿಸಿದಳು. ಬೇರೆಯವರು ಹೆದರಿ ಇಳಿಸುವ ಹೊತ್ತನ್ನು ಆ ಹೆಂಗಸು ದಾಟಿಸುತ್ತಿದ್ದಳು, ಅಷ್ಟೇ ಗುಟ್ಟು. ಉಂಡ ಮೇಲೆ ಯಜಮಾನರು ಸುಳ್ಳು ಹೇಳಿರಲಿಲ್ಲ ಎಂದು ಗೊತ್ತಾಯಿತು. ಅವರು ಸಾಯುವ ತನಕ ಆ ಮಾತನ್ನು ಒಪ್ಪಿಕೊಳ್ಳಲಿಲ್ಲ ನಾನು.

ನಾಚಿಕೆಯಾದರೂ ಆಗಲಿ ಎಂದು ಅದನ್ನೆಲ್ಲ ಅವನ ಮುಂದೆ ಹೇಳಿದೆ. ಕಲ್ಲಿನಾಥ ನನ್ನ ಬಾಯನ್ನೇ ನೋಡುತ್ತಿದ್ದ.

"ಆ ರುಚಿ ಇನ್ನೂ ನೆನಪೈತೇನ್ರಿ ಯವ್ವಾ?" ಎಂದ.

ನಿನ್ನೆ ಉಂಡ ಹಾಗೆ ಇದೆ ಎಂದೆ.

ಅಂದಿನಿಂದ ಪ್ರತಿ ಮಂಗಳವಾರ, ಹೋಟೆಲಿಗೆ ರಜೆಯ ದಿನ, ಒಂದು ಡಬ್ಬಿ ಎಣ್ಣೆಗಾಯಿ ಹಿಡಿದು ಅರೋರಾದ ನಮ್ಮ ಮನೆಗೆ ಬರತೊಡಗಿದ. ನಾನು ತಿಂದು ಬೈಯುತ್ತಿದ್ದೆ. ಅವನು ಸಣ್ಣ ವಹಿಯಲ್ಲಿ ಬರೆದುಕೊಳ್ಳುತ್ತಿದ್ದ. ಮುಂದಿನ ವಾರ ಉಪ್ಪು ಕಡಿಮೆ ಎಂದದ್ದಕ್ಕೆ ಸಮುದ್ರವನ್ನೇ ಸುರುವಿಕೊಂಡು ಬರುತ್ತಿದ್ದ. ಖಾನಾವಳಿಯಲ್ಲಿ ಹುಟ್ಟಿದವನ ಕೈ ಇಷ್ಟು ಕೆಟ್ಟದ್ದು ಹೇಗೆ ಎಂದು ನನಗೆ ತಿಳಿಯದು. ಡಾಲರಿನ ರುಚಿ ಹತ್ತಿದ ನಾಲಿಗೆ ಎಂದು ಮಗಳ ಮುಂದೆ ಆಡಿಕೊಂಡೆ.

ನಾಲ್ಕನೆಯ ಮಂಗಳವಾರ ಅವನಿಗೆ ಚಹಾ ಮಾಡಿಕೊಟ್ಟೆ. ಉಪ್ಪು, ಸಕ್ಕರೆಗೆಂದು ಸ್ಮಿತಾ ಹೊಸದಾಗಿ ತಂದ ಎರಡು ಡಬ್ಬಿ ಒಂದೇ ಥರ, ಬಿಳಿಯವು, ಮೇಲಿನ ಚೀಟಿ ಇಂಗ್ಲಿಷಿನದು. ನಾನು ಓದಿದ್ದು ಕನ್ನಡ ನಾಲ್ಕನೆಯ ಇಯತ್ತೆ. ಅವನು ಅರ್ಧ ಕಪ್ಪು ಕುಡಿದಿದ್ದ. ನಾನು ಒಂದು ಗುಟುಕು ಕುಡಿದವಳು ಸಿಂಕಿಗೆ ಓಡಿ ಉಗುಳಿದೆ. ಎರಡು ಚಮಚೆ ಉಪ್ಪು. ತಿರುಗಿ ನೋಡಿದರೆ ಅವನು ಉಳಿದರ್ಧವನ್ನೂ ಕುಡಿದು ಕಪ್ಪು ಕೆಳಗಿಟ್ಟಿದ್ದ.

"ಸಕ್ಕರಿ ಹಾಕಿಲ್ಲ ಅನಕೊಂಡೆ," ಎಂದ. ನಾನು ಉಪ್ಪಿನ ಡಬ್ಬಿ ತೋರಿಸಿದೆ.

ಆಮೇಲೆ ಅವನೇ ಹೇಳಿದ. ಇಲ್ಲಿಗೆ ಬರುವ ಮೊದಲು ಡೆಟ್ರಾಯಿಟ್ ಕಡೆ, ಟ್ರಾಯ್ ಎಂಬ ಊರಿನ ಒಂದು ಹೋಟೆಲಿನಲ್ಲಿ ಇಪ್ಪತ್ತೈದು ವರ್ಷ ಅಡುಗೆ ಮಾಡಿದವನು. ಕೋವಿಡ್ ಬಂದ ಚಳಿಗಾಲ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ. ಜೀವ ಉಳಿಯಿತು, ಮೂಗು ನಾಲಿಗೆ ಉಳಿಯಲಿಲ್ಲ. ತಿಂಗಳುಗಟ್ಟಲೆ ಕಾದ ಮೇಲೆ ಸಿಹಿಯೊಂದು ತಿರುಗಿ ಬಂತು. ಉಪ್ಪು, ಹುಳಿ, ಸೀದ ವಾಸನೆ, ಯಾವುದೂ ಬರಲಿಲ್ಲ. ಅಡುಗೆಯವನು ಇದನ್ನು ಯಾರ ಹತ್ತಿರ ಹೇಳಿಕೊಂಡಾನು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಗನಿಗೂ ಹೇಳಲಿಲ್ಲ. ಊರು ಬಿಟ್ಟು ಇಲ್ಲಿಗೆ ಬಂದು ಸ್ವಂತ ಹೋಟೆಲ್ ತೆರೆದ.

"ನನ್ನ ನಾಲಿಗಿ ಸತ್ತಿತ್ರಿ. ಮಂದಿ ನಾಲಿಗಿ ಕೇಳಿ ಕೇಳಿ ಅಡಗಿ ಮಾಡಿದೆ. ಖಾರ ಕಡಿಮಿ ಮಾಡು ಅಂದ್ರು, ಮಾಡಿದೆ. ಇನ್ನಷ್ಟು ಸಿಹಿ ಅಂದ್ರು, ಹಾಕಿದೆ. ಹಾಕಿದಷ್ಟೂ ಹೊಗಳಿದ್ರು. ಇದ ನಮ್ಮವ್ವನ ಅಡಗಿ ಅಂತ ನಾನೂ ನಂಬಿಬಿಟ್ಟೆ."

ಅವನ ಮೇಲೆ ಇಟ್ಟುಕೊಂಡಿದ್ದ ತಿರಸ್ಕಾರವೆಲ್ಲ ಅಲ್ಲಿಂದ ಎದ್ದು ಆ ಇನ್ನೂರ ಹನ್ನೆರಡು ಮಂದಿಯ ಮೇಲೆ ಹೋಗಿ ಕೂತಿತು. ಇವನ ನಾಲಿಗೆಗೆ ಜಡ್ಡು ಬಂದಿತ್ತು. ಅವರಿಗೆ ಏನು ಬಂದಿತ್ತು? ಎಂಟು ಮಲಗುವ ಕೋಣೆಯ ಮನೆ, ಎರಡು ಕಾರು, ನೆಟ್ಟಗಿನ ನಾಲಿಗೆ ಇಟ್ಟುಕೊಂಡು ಸಕ್ಕರೆಯ ಅಂಟನ್ನು ನೆಕ್ಕಿ, ಅಜ್ಜಿಯ ನೆನಪಾಯಿತು ಎಂದು ಬರೆಯುತ್ತಾರೆ. ಯಾವ ಅಜ್ಜಿಯಪ್ಪಾ, ಯಾವ ಊರಿನವಳು?

ಆ ವರ್ಷ ಬಸವ ಜಯಂತಿಯ ಊಟ, ಮುನ್ನೂರು ಎಲೆ, ಬಳಗದವರು ಅವನಿಗೇ ಹೇಳಿದ್ದರು. ಒಂದು ಸಲವಾದರೂ ಅವ್ವನ ಅಡುಗೆಯನ್ನೇ ಮಾಡಬೇಕು, ನೀವು ಬಂದು ರುಚಿ ನೋಡಬೇಕು ಎಂದ ಕಲ್ಲಿನಾಥ. ಸುರೇಶ ಫೋನು ಮಾಡಿ, ಮಕ್ಕಳು ಇರುತ್ತಾರೆ, ಎಂದಿನ ಹಾಗೆ ಮೈಲ್ಡ್ ಇರಲಿ ಎಂದನಂತೆ. ಇವನು ಹ್ಞೂಂ ಎಂದು ಫೋನಿಟ್ಟ.

ಅವತ್ತು ಬೆಳಿಗ್ಗೆ ಸ್ಮಿತಾ ನನ್ನನ್ನು ಅವನ ಅಡುಗೆಮನೆಯಲ್ಲಿ ಇಳಿಸಿ ಹೋದಳು. ಒಲೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತೆ. ಸಣ್ಣ ಬದನೆ ಸಿಕ್ಕಿತ್ತು. ಗುರೆಳ್ಳನ್ನು ಅವನೇ ಹುರಿದು ಕುಟ್ಟಿದ್ದ. ಮೊದಲ ಪಾತ್ರೆಗೆ ಉಪ್ಪಿಲ್ಲ, ಎರಡನೆಯದಕ್ಕೆ ಹುಳಿ ಹೆಚ್ಚು, ಮೂರನೆಯದನ್ನು ಅವಸರದಲ್ಲಿ ಇಳಿಸಿದ. ನಾನು ಬೈದೆ. ಅವನು ಚೆಲ್ಲಿದ. ನಾಲ್ಕನೆಯದಕ್ಕೆ ವಾಸನೆ ಬರಲಿ, ನಾನು ಹೇಳುವ ತನಕ ಮುಟ್ಟಬೇಡ ಎಂದೆ. ಅವನು ಸೌಟು ಹಿಡಿದು ಕುರುಡನ ಹಾಗೆ ನನ್ನ ಮುಖ ನೋಡುತ್ತಾ ನಿಂತ. ಮೂಗಿಗೆ ಬಂದೊಡನೆ ಇಳಿಸು ಎಂದೆ.

ಬಾಯಿಗಿಟ್ಟುಕೊಂಡೆ. ಗದಗಿನ ಆ ಒಲೆಯ ಬುಡದಲ್ಲಿ ಕೂತು ಉಂಡದ್ದೇ. ನನ್ನ ಗಂಡ ನನ್ನ ಅಡುಗೆಗಿಂತ ಮೇಲೆ ಎಂದದ್ದೇ. ಹೊಟ್ಟೆಕಿಚ್ಚಾದರೂ ಇನ್ನೊಂದು ತುತ್ತು ತೆಗೆದುಕೊಂಡೆ.

"ಇದು ನಿಮ್ಮವ್ವಂದು," ಎಂದೆ.

ಅದೇ ಅಳತೆಯಲ್ಲಿ ಮುನ್ನೂರು ಎಲೆಗೆ ಆಯಿತು. ಊಟದ ಹಾಲ್‌ನಲ್ಲಿ ನಡೆದದ್ದನ್ನು ಹೇಳಿದರೆ ನಾಲಿಗೆ ಹೊಲಸಾಗುತ್ತದೆ. ಹಾವೇರಿ, ರಾಯಚೂರು ಕಡೆಯ ನಾಲ್ಕೈದು ಮುದುಕರು ಮೂರು ಸಲ ಹಾಕಿಸಿಕೊಂಡರು. ಉಳಿದವರು ತುದಿನಾಲಿಗೆಗೆ ತಾಗಿಸಿ ನೀರು ಕುಡಿದರು. ಕಹಿ ಇದೆ, ಸೀದಿದೆ ಎಂದರು. ಲೀನಾ ಎಂಬ ಡಾಕ್ಟರಮ್ಮ, ಆ ಕರ‍್ರಗಿನ ಪುಡಿ ಏನು, ಮಕ್ಕಳಿಗೆ ಕೊಡಬಹುದಾ ಎಂದು ನನ್ನನ್ನೇ ಕೇಳಿದಳು. ಸುರೇಶ ಅರ್ಧ ಗಂಟೆಯಲ್ಲಿ ಇಪ್ಪತ್ತು ಪಿಜ್ಜಾ ತರಿಸಿದ. ಎರಡು ದಿನ ಬಿಟ್ಟು ಸಿಯಾ ಫೋನು ಹಿಡಿದು ಬಂದಳು. ಹೊಸದಾಗಿ ಒಂಬತ್ತು ಮಂದಿ ಬರೆದಿದ್ದರು. ಒಬ್ಬ ಬರೆದದ್ದು, ಮೊದಲಿನಂತೆ ಅಥೆಂಟಿಕ್ ಆಗಿ ಉಳಿದಿಲ್ಲ ಎಂದು.

ಮುಂದಿನ ಮಂಗಳವಾರ ಕಲ್ಲಿನಾಥ ಬಂದಾಗ, ಅವರ ಹಣೆಬರಹ, ನಾಳೆಯಿಂದ ಪೀನಟ್ ಬಟರನ್ನೇ ತಿನ್ನಿಸು, ಹೊಟ್ಟೆಪಾಡಿಗೆ ಎಂಥ ನಾಚಿಕೆ ಎಂದೆ ನಾನು.

"ಗೊತ್ತಿಲ್ದಾಗ ಮಾಡಿದ್ದು ಬ್ಯಾರೆ ಯವ್ವಾ," ಎಂದ. "ಈಗ ಆ ಡಬ್ಬಿ ತಗಿಯಾಕ ಕೈ ಬರವಲ್ದು."

ಹೋಟೆಲನ್ನು ಇಬ್ಬರು ಹುಡುಗರಿಗೆ ಮಾರಿದ. ಅವರು ಹೆಸರನ್ನೂ ಡಬ್ಬಿಯನ್ನೂ ಇಟ್ಟುಕೊಂಡು ಚೆನ್ನಾಗಿ ನಡೆಸುತ್ತಿದ್ದಾರೆ. ಹೊಗಳಿ ಬರೆದವರು ಮುನ್ನೂರು ದಾಟಿದ್ದಾರಂತೆ. ದಾಟಲಿ.

ಊರು ಬಿಡುವ ದಿನ ಅವನು ನಮ್ಮ ಮನೆಗೆ ಬಂದ. ಕರೆದುಕೊಂಡು ಹೋಗಲು ಟ್ರಾಯ್‌ನಿಂದ ಮಗ ಅಖಿಲ್ ಐದು ತಾಸು ಡ್ರೈವ್ ಮಾಡಿ ಬಂದಿದ್ದ. ಈ ದೇಶದಲ್ಲೇ ಹುಟ್ಟಿದವನು, ಕಾರಿನ ಕಂಪನಿಯಲ್ಲಿ ಇಂಜಿನಿಯರ್, ಅಜ್ಜಿಯ ಕೈ ಅಡುಗೆ ಕಂಡವನಲ್ಲ. ಅಪ್ಪನ ನಾಲಿಗೆಯ ಸಂಗತಿ ಅವನಿಗೆ ಗೊತ್ತಾದದ್ದೇ ಆ ವಾರವಂತೆ. ಬಾಗಿಲಲ್ಲೇ ನಿಂತು, "ಹಾಯ್ ಅಜ್ಜಿ" ಎಂದ. ಕಲ್ಲಿನಾಥ ನನ್ನ ಒಲೆಯ ಮೇಲೇ, ನನ್ನ ಮೂಗನ್ನೇ ಕೇಳಿ ಕೇಳಿ, ಆರು ಬದನೆಯ ಎಣ್ಣೆಗಾಯಿ ಮಾಡಿದ. ರುಚಿ ನೋಡಿ, ಆಯಿತು ಎಂದೆ. ಅವನು ಮಗನನ್ನು ಮೇಜಿಗೆ ಕೂರಿಸಿ, ತಟ್ಟೆಯನ್ನು ನನ್ನ ಮುಂದೆ ಸರಿಸಿದ.

"ಇವಗ ಒಂದು ತುತ್ತು ನೀವು ತಿನ್ನಿಸ್ರಿ ಯವ್ವಾ," ಎಂದ. "ತಿಂದ ಮ್ಯಾಲ, ನಿಮ್ಮಜ್ಜಿಯ ರುಚಿ ಇದು ಅಂತ ಬಾಯಿಬಿಟ್ಟು ಹೇಳ್ರಿ. ನಾ ಹೇಳಿದ್ರ ಸುಳ್ಳಾಗ್ತೈತಿ."