ನಿಂತವರಿಗಾಗಿ ಬರೆದ ಸ್ಕ್ರೀನುಗಳು

ಕಳೆದ ವಾರ ಮಗಳು ಶಾಲೆಯ ಯಾವುದೋ ಮಾದರಿಗಾಗಿ ಊಟದ ಮೇಜಿನ ಮೇಲೆ ರಟ್ಟು ಕತ್ತರಿಸಿ ಅಂಟಿಸುತ್ತಿದ್ದಳು. ಗೋಂದಿನ ಬಾಟಲಿ ತೆರೆದದ್ದೇ ತಡ, ಆ ಹುಳಿಹುಳಿ ವಾಸನೆ ಅಡುಗೆಮನೆಯವರೆಗೂ ಬಂತು. ಪುಣೆಯ ಯೆರವಡಾದ ನಮ್ಮ ಹಳೆಯ ಆಫೀಸಿನಲ್ಲಿ ಕಿಟಕಿ ಪಕ್ಕದ ಮೇಜಿನಿಂದ ದಿನವಿಡೀ ಇದೇ ವಾಸನೆ ಬರುತ್ತಿತ್ತು. ಎಲ್ಲರೂ ಕೀಬೋರ್ಡು ಕುಟ್ಟುವ ಆ ಜಾಗದಲ್ಲಿ ಕತ್ತರಿ, ಗೋಂದು ಇಟ್ಟುಕೊಂಡು ಕೂತವರು ಒಬ್ಬರೇ... ನಾವೆಲ್ಲ ಕಾಕಾ ಎನ್ನುತ್ತಿದ್ದವರು.

ಕಾಕಾ ನಮ್ಮ ಕಂಪನಿಯ ಡಿಸೈನರ್. ಅದಕ್ಕೂ ಮೊದಲು ಪಿಂಪ್ರಿ-ಚಿಂಚವಾಡದ ಕಾರ್ಖಾನೆಯೊಂದರಲ್ಲಿ ಯಂತ್ರಗಳ ನಕ್ಷೆ ಬರೆಯುತ್ತಿದ್ದರಂತೆ. ಮೂಲ ವಿಜಯಪುರದ ಕಡೆಯವರು, ಹುಟ್ಟಿದ್ದು ಪುಣೆಯಲ್ಲೇ. ನಾನು ಧಾರವಾಡದವಳು ಎಂದು ತಿಳಿದ ದಿನದಿಂದ ನನ್ನ ಹೆಸರು ಬಿಟ್ಟು ತಂಗಿ ಎನ್ನತೊಡಗಿದರು. ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನಿನ್ನೂ ಕೆಲಸಕ್ಕೆ ಹೊಸಬಳು, ಪ್ರೋಗ್ರಾಂ ಬರೆಯುವವಳು. ಡಿಸೈನ್ ಎಂದರೆ ಕೊನೆಗೆ ಬಣ್ಣ ಹಚ್ಚುವುದು ಎಂದೇ ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದರು.

ಆಗ ದೊಡ್ಡ ಆಸ್ಪತ್ರೆಯೊಂದರ ಕೆಲಸ ಬಂತು. ಯಾವ ರೋಗಿಗೆ ಯಾವ ಔಷಧಿ ಕೊಟ್ಟಾಯಿತು, ಯಾವುದು ಬಾಕಿ ಎಂಬುದನ್ನು ನರ್ಸುಗಳು ಕಂಪ್ಯೂಟರಿನಲ್ಲೇ ದಾಖಲಿಸಬೇಕು. ಕಾಕಾ ಒಂದು ಮಳೆಗಾಲವಿಡೀ ಆಫೀಸು ಬಿಟ್ಟು ಅಲ್ಲಿನ ವಾರ್ಡಿನಲ್ಲೇ ಇದ್ದರು. ಯಾರಿಗೂ ಅಡ್ಡವಾಗದಂತೆ ಗೋಡೆಗೆ ಒರಗಿ ನಿಂತು ನೋಡುವುದು, ಸಂಜೆ ಬಂದು ಕಾಗದದಲ್ಲಿ ಸ್ಕ್ರೀನು ಕತ್ತರಿಸುವುದು, ಮರುದಿನ ಅದನ್ನೇ ನರ್ಸುಗಳ ಮುಂದೆ ಹಿಡಿದು, "ಇದು ಕಂಪ್ಯೂಟರ್ ಅಂತ ತಿಳೀರಿ, ಎಲ್ಲಿ ಒತ್ತತೀರಿ?" ಎಂದು ಮರಾಠಿಯಲ್ಲಿ ಕೇಳುವುದು. ಆ ವಾರ್ಡಿನ ಹಿರಿಯ ನರ್ಸ್ ಪುಣೆ ಹತ್ತಿರದ ಭೋರ್ ಕಡೆಯವರು, ಮಾತು ಕಡಿಮೆ. ಮೊದಲು ದೂರವೇ ಇದ್ದ ಆ ಸಿಸ್ಟರ್ ಕ್ರಮೇಣ ಕಾಕಾರಿಗೆ ಎಲ್ಲವನ್ನೂ ತೋರಿಸತೊಡಗಿದರು. ಬೇರೆ ನರ್ಸುಗಳನ್ನೂ ಒಪ್ಪಿಸಿದರು.

"ತಂಗಿ, ಆಕಿ ಒಂದು ಕೆಲಸಾನೂ ಕೂತು ಮಾಡೂದಿಲ್ಲ ನೋಡು," ಎಂದು ಕಾಕಾ ಒಮ್ಮೆ ಹೇಳಿದ್ದರು. "ಒಂದು ಬರಿಯೂದ್ರಾಗ ಇನ್ನೊಬ್ರು ಕರೀತಾರ. ಓಡ್ತಾಳ. ತಿರುಗಿ ಬಂದಾಗ ಎಲ್ಲಿ ಬಿಟ್ಟಿದ್ದೆ ಅನ್ನೂದು ಸ್ಕ್ರೀನಿಗೆ ನೆನಪಿರಬೇಕು. ನಾವು ಕೂತವರಿಗೆ ಮಾಡಾಕತ್ತಿಲ್ಲ, ನಿಂತವರಿಗೆ ಮಾಡಾಕತ್ತೇವಿ."

ಅವರ ಡಿಸೈನಿನ ಜೀವ ಅದರಲ್ಲೇ ಇತ್ತು. ಅರ್ಧಕ್ಕೆ ಬಿಟ್ಟ ನಮೂದು ಅಳಿಸಿಹೋಗಬಾರದು. ಆ ರೋಗಿಯ ಹೆಸರಿನ ಮುಂದೆ ಹಳದಿ ಬಣ್ಣದಲ್ಲಿ, ಮುಂದಿನ ಪಾಳಿಯವರಿಗೂ ಕಾಣುವಂತೆ ನಿಂತಿರಬೇಕು.

ಡಿಸೈನ್ ಮುಗಿದು ಕೆಲಸ ನಮ್ಮ ಡೆವಲಪ್‌ಮೆಂಟ್ ತಂಡದ ಕೈಗೆ ಬಂತು. ನಮ್ಮ ಮ್ಯಾನೇಜರ್ ಬೆಂಗಳೂರಿನವರು, ಕೆಟ್ಟವರೇನಲ್ಲ. ಆದರೆ ಆಸ್ಪತ್ರೆಯ ಆಡಳಿತ ಉದ್ಘಾಟನೆಯ ದಿನ ಗೊತ್ತುಮಾಡಿಬಿಟ್ಟಿತ್ತು. ಡಿಸೈನಿನಲ್ಲಿದ್ದದ್ದು ಒಂದೊಂದೇ ಕಡಿತವಾಗತೊಡಗಿತು. ಕೊನೆಗೆ ಆ ಹಳದಿಯ ಸರದಿ ಬಂತು.

"ಸರ್, ಯಾರೂ ಮುಟ್ದೇ ಇದ್ರೆ ಸ್ಕ್ರೀನ್ ತಾನೇ ಲಾಗೌಟ್ ಆಗ್ಬೇಕು, ಅದು ಸೆಕ್ಯೂರಿಟಿ. ಅರ್ಧ ಎಂಟ್ರಿ ಉಳಿಸೋದನ್ನ ಸೆಕೆಂಡ್ ಫೇಸಲ್ಲಿ ಮಾಡೋಣ," ಎಂದರು ಮ್ಯಾನೇಜರ್.

"ಲಾಗೌಟ್ ಆಗ್ಲಿರಿ. ಆಕಿ ಬರದದ್ದನ್ನ ಯಾಕ ಅಳಸ್ತೀರಿ?"

"ಸೇವ್ ಒತ್ತಿದ್ರೆ ಅಳ್ಸಲ್ಲ ಸರ್."

ಕಾಕಾ ಬಹಳ ಹೊತ್ತು ವಾದಿಸಿದರು. ನಾನು ಆ ಭಾಗದ ಪ್ರೋಗ್ರಾಂ ಬರೆದು ಮ್ಯಾನೇಜರಿಗೆ ತೋರಿಸಿದೆ, ಅದು ಕೆಲಸವನ್ನೂ ಮಾಡುತ್ತಿತ್ತು. ಪರೀಕ್ಷಿಸಲು ಸಮಯವಿಲ್ಲ ಎಂದು ಅದನ್ನು ಹೊರಗಿಟ್ಟರು. ಎರಡನೇ ಹಂತ ಬಂದೇ ಬರುತ್ತದೆ ಎಂದು ನಾವೆಲ್ಲ ನಂಬಿದ್ದೆವು, ಕಾಕಾ ಕೂಡ. ಅದೇ ನಂಬಿಕೆಯಲ್ಲಿ ಅವರು ಸಿಸ್ಟರ್‌ಗೆ ಧೈರ್ಯ ಹೇಳಿದರು. ಮಂಚಕ್ಕೆ ತೂಗುಹಾಕುತ್ತಿದ್ದ ಕಾಗದದ ಚಾರ್ಟು ಇನ್ನು ಬೇಡ ಎಂದು ಆಸ್ಪತ್ರೆ ಹೇಳಿದಾಗ ಸಿಸ್ಟರ್ ಹಿಂಜರಿದಿದ್ದರಂತೆ. ಕಾಕಾ ಇದ್ದಾರಲ್ಲ ಎಂದು ಒಪ್ಪಿದರು.

ಆಮೇಲಿನದನ್ನು ಹೇಗೆ ಬರೆದರೂ ಸರಿಯೆನಿಸುವುದಿಲ್ಲ... ಚಳಿಗಾಲದ ಒಂದು ಮಧ್ಯಾಹ್ನ ಸಿಸ್ಟರ್ ಒಬ್ಬ ಅಜ್ಜಿಗೆ ಇನ್ಸುಲಿನ್ ಕೊಟ್ಟು, ಅದನ್ನು ನಮೂದಿಸುತ್ತಿದ್ದರು. ಅಷ್ಟರಲ್ಲಿ ಪಕ್ಕದ ಮಂಚದವರಿಗೆ ಉಸಿರು ಕಟ್ಟಿತು. ಸಿಸ್ಟರ್ ಓಡಿದರು. ಸ್ಕ್ರೀನು ತಾನೇ ಮುಚ್ಚಿಕೊಂಡಿತು. ಉಸಿರು ಕಟ್ಟಿದವರನ್ನು ತೀವ್ರ ನಿಗಾ ಘಟಕಕ್ಕೆ ತಲುಪಿಸಿ ಅವರು ವಾಪಸಾಗುವುದರೊಳಗೆ ಪಾಳಿ ಬದಲಾಗಿತ್ತು. ಹೊಸದಾಗಿ ಬಂದ ನರ್ಸ್ ಸ್ಕ್ರೀನು ನೋಡಿದಳು. ಇನ್ಸುಲಿನ್ ಬಾಕಿ ಎಂದಿತ್ತು. ಇನ್ನೊಮ್ಮೆ ಕೊಟ್ಟಳು. ರಕ್ತದ ಸಕ್ಕರೆ ಕುಸಿದು ಆ ಅಜ್ಜಿಗೆ ಮತ್ತೆ ಎಚ್ಚರವಾಗಲಿಲ್ಲ.

ವಿಚಾರಣೆ ನಡೆಯಿತು. ಮೊದಲ ಇಂಜೆಕ್ಷನ್ ಕೊಟ್ಟದ್ದನ್ನು ದಾಖಲಿಸದ ತಪ್ಪು ಸಿಸ್ಟರ್ ಮೇಲೆ ಬಂತು. ಸಿಸ್ಟಮ್ ಹೇಳಿದಂತೆಯೇ ಕೆಲಸ ಮಾಡಿದೆ ಎಂದು ನಮ್ಮ ಕಂಪನಿ ಬರೆದುಕೊಟ್ಟಿತು. ಕಾಕಾ ಯಾರ ಅಪ್ಪಣೆಯನ್ನೂ ಕೇಳದೆ ತಮ್ಮ ಕಾಗದದ ಸ್ಕ್ರೀನುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಆಸ್ಪತ್ರೆಗೆ ಹೊರಟರು. ನಾನೂ ಜೊತೆಗೆ ಹೋದೆ.

ವಿಚಾರಣೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಸಿಸ್ಟರ್ ಕೂತಿದ್ದರು. ವಾರ್ಡಿಗೆ ಹೋದಾಗಲೆಲ್ಲ ನಿಂತೇ ಇರುತ್ತಿದ್ದ ಅವರು ಕೂತದ್ದನ್ನು ನಾನು ನೋಡಿದ್ದು ಅಂದೇ ಮೊದಲು. ಕಾಕಾರನ್ನು ಕಂಡು ಅಳಲಿಲ್ಲ, ಬೈಯಲೂ ಇಲ್ಲ. "ಕಾಕಾ, ಮೀ ದಿಲಂ ಹೋತಂ," ಎಂದರಷ್ಟೇ. ನಾನು ಕೊಟ್ಟಿದ್ದೆ... ಅದನ್ನೇ ಮತ್ತೊಮ್ಮೆ ಹೇಳಿ ಗೋಡೆಯ ಕಡೆ ಮುಖ ತಿರುಗಿಸಿದರು.

ಒಳಗೆ ಕಾಕಾ ಒಂದೊಂದೇ ಕಾಗದವನ್ನು ಮೇಜಿನ ಮೇಲೆ ಹರಡಿದರು. ಹಳದಿ ಪಟ್ಟಿ ತೋರಿಸಿದರು. ಇದಿದ್ದಿದ್ದರೆ ಮುಂದಿನ ಪಾಳಿಯವಳಿಗೆ ತಿಳಿಯುತ್ತಿತ್ತು, ತಪ್ಪು ಸಿಸ್ಟರ್‌ದಲ್ಲ, ನಮ್ಮದು ಎಂದರು. ವಿಚಾರಣೆ ಮಾಡುತ್ತಿದ್ದ ಹಿರಿಯ ಡಾಕ್ಟರು ತಾಳ್ಮೆಯಿಂದಲೇ ಕೇಳಿಸಿಕೊಂಡು, "ವಾರ್ಡಿನಲ್ಲಿ ಇದ್ದದ್ದು ಇದೇ ಸ್ಕ್ರೀನೇ?" ಎಂದು ಕೇಳಿದರು.

"ಅಲ್ಲ."

"ಹಾಗಾದರೆ ಇದನ್ನು ನೋಡಿ ನಾವೇನು ಮಾಡುವುದು?"

ಕಾಕಾ ಕಾಗದಗಳನ್ನು ಒಂದೊಂದೇ ಎತ್ತಿ ಚೀಲಕ್ಕೆ ಹಾಕತೊಡಗಿದರು. ನಾನು ಸಹಾಯಕ್ಕೆ ಹೋದರೆ ಬೇಡವೆಂದು ತಲೆಯಾಡಿಸಿದರು.

ಸಿಸ್ಟರ್ ಕೆಲಸ ಹೋಯಿತು. ಕಾಕಾ ಅದೇ ವಾರ ರಾಜೀನಾಮೆ ಕೊಟ್ಟರು. ಭೋರ್‌ಗೆ ಹೋಗಿ ಸಿಸ್ಟರನ್ನು ಕಾಣಲು ಪ್ರಯತ್ನಿಸಿದರಂತೆ. ಮನೆಯವರು ಬಾಗಿಲಲ್ಲೇ ವಾಪಸ್ ಕಳಿಸಿದರು. ಮುಂದೊಮ್ಮೆ ನಾನು ಕಾಕಾರ ಮನೆಗೆ ಹೋದಾಗ ಟಿವಿ ಹಾಕಿಕೊಂಡು, ಅದನ್ನೂ ನೋಡದೆ ಕೂತಿದ್ದರು. ಬೇರೆ ಕಂಪನಿಗಳಲ್ಲಿ ಪ್ರಯತ್ನಿಸಿ ಎಂದೆ.

"ಏನಂತ ಹೋಗ್ಲಿ ತಂಗಿ? ನಾ ಕೇಳಿದೆ ಅಂತ ಆಕಿ ಎಲ್ಲಾ ಹೇಳಿದ್ಲು. ನಾ ಹೇಳಿದೆ ಅಂತ ಚಾರ್ಟ್ ಬಿಟ್ಲು. ನಾ ಆ ವಾರ್ಡಿಗೆ ಹೋಗದಿದ್ರ ಆಕಿ ಭಾಳ ಚೊಲೋ ಇರತಿದ್ಲು," ಎಂದರು. ಅವರ ಹೆಂಡತಿ ಕಾಕು ತಂದಿಟ್ಟ ಚಹಾ ಇಬ್ಬರ ಮುಂದೆಯೂ ಆರಿಹೋಯಿತು.

ಆಮೇಲೆ ಅವರು ಏನನ್ನೂ ಬರೆಯಲಿಲ್ಲ, ಎಲ್ಲಿಯೂ ಕೆಲಸಕ್ಕೆ ಸೇರಲಿಲ್ಲ. ನಾನು ಫೋನ್ ಮಾಡುವುದೂ ವಿರಳವಾಯಿತು. ಅವರು ತೀರಿಕೊಂಡ ಸುದ್ದಿ ಕಾಕುವಿಂದ ನನಗೆ ತಲುಪುವಾಗ ಹದಿಮೂರನೇ ದಿನದ ಕಾರ್ಯವೂ ಮುಗಿದಿತ್ತು.

ಮೊನ್ನೆ ಬಂಧುವೊಬ್ಬರನ್ನು ನೋಡಲು ಅದೇ ಆಸ್ಪತ್ರೆಗೆ ಹೋಗಬೇಕಾಯಿತು. ನಮ್ಮ ಸಾಫ್ಟ್‌ವೇರ್ ಎಂದೋ ಹೋಗಿದೆ, ಬೇರೆ ಯಾರದೋ ಬಂದಿದೆ, ಸ್ಕ್ರೀನುಗಳು ದೊಡ್ಡವಾಗಿವೆ. ಎಳೆಯ ವಯಸ್ಸಿನ ನರ್ಸೊಬ್ಬಳು ಇಂಜೆಕ್ಷನ್ ಕೊಟ್ಟು, ಅತ್ತಿತ್ತ ನೋಡಿ, ಜೇಬಿನಿಂದ ಬಾಲ್‌ಪೆನ್ ತೆಗೆದು ತನ್ನ ಅಂಗೈ ಮೇಲೆ ಏನೋ ಗೀಚಿಕೊಂಡಳು, ಮಂಚದ ನಂಬರು, ಹೊತ್ತು ಇರಬೇಕು. ಆಮೇಲೆ ಕಂಪ್ಯೂಟರಿನ ಕಡೆ ಹೋದಳು. ಹೊರಗೆ ಬಂದು ಕಾರಿಡಾರಿನಲ್ಲಿ ನಿಂತಾಗ ಇದನ್ನು ಯಾರಿಗಾದರೂ ಹೇಳಬೇಕೆನಿಸಿತು. ಹೇಳಿದರೆ ಅರ್ಥವಾಗುವವರು ಒಬ್ಬರಿದ್ದರು, ಈಗ ಇಲ್ಲ. ಸುಮ್ಮನೆ ಲಿಫ್ಟಿಗೆ ಕಾದೆ.