ಕಾಲಡಿಯ ಮಣ್ಣು ಬೇಡಿದ ಬ್ಲಾಗು

ನಮ್ಮ ತೆಂಗಿನ ಸೀಮೆಯಲ್ಲಿ ಯಾರ ಮನೆಗಾದರೂ ಹೋಗಿ, ಅಟ್ಟದ ಮೇಲೆ ಎಷ್ಟು ಕಾಯಿ ಇದೆಯೆಂದು ಕೇಳಿ ನೋಡಿ. ಯಜಮಾನನು ಸೂರಿನತ್ತ ಕಣ್ಣು ಹಾಯಿಸಿ, "ಏನೋ, ದೇವರು ಕೊಟ್ಟಷ್ಟು" ಎಂದು ಬೇರೆ ಮಾತಿಗೆ ತಿರುಗುತ್ತಾನೆ. ಕಾಯಿಯೊಳಗಿನ ನೀರು ಬತ್ತಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯುತ್ತದೆ. ಅಷ್ಟು ಕಾಲವೂ ಅದರ ಮೇಲೆ ಪರರ ಕಣ್ಣು ಬೀಳಬಾರದೆಂಬುದು ಹಿರಿಯರ ಕಟ್ಟಳೆ.

ಈ ಕಟ್ಟಳೆಯನ್ನು ಜಗತ್ತಿನೆದುರೇ ಮುರಿದವರು ಸಿದ್ದಗಂಗಮ್ಮನವರು. ನೊಣವಿನಕೆರೆಯಲ್ಲಿ ಹುಟ್ಟಿ, ಹಂದನಕೆರೆಯ ಕಡೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಈ ತಾಯಿ ನಾನು ಮಾಡುವ ಸೋಮವಾರದ ಪ್ರವಚನವನ್ನು ಎಂದೂ ತಪ್ಪಿಸಿದವರಲ್ಲ. ನಾನು ಮೈಮರೆತು ಒಂದೇ ಮಾತನ್ನು ಎರಡು ಸಲ ಹೇಳಿದರೆ ಮುಂದಿನ ಸಾಲಿನಿಂದಲೇ ತಲೆಯಾಡಿಸಿ ತಿದ್ದುತ್ತಿದ್ದರು. ತಿದ್ದುವುದು ಅವರಿಗೆ ಶಿವನು ಕೊಟ್ಟ ವರ.

ಅವರ ಕೊರಗು ಒಂದೇ. 'ನನ್ನ ಊರು' ಎಂದು ಪ್ರಬಂಧ ಬರೆಸಿದರೆ ಮಕ್ಕಳೆಲ್ಲರೂ ಗೈಡಿನಲ್ಲಿದ್ದುದನ್ನೇ ಇಳಿಸುತ್ತಿದ್ದರು. ಬಸ್ಸೇ ಬಾರದ ಹಟ್ಟಿಯ ಹುಡುಗನೂ ತನ್ನ ಊರಿನಲ್ಲಿ ಭವ್ಯವಾದ ಬಸ್ ನಿಲ್ದಾಣವಿದೆಯೆಂದು ಬರೆಯುತ್ತಿದ್ದ. ಎರಡು ಸಾವಿರದ ಒಂಬತ್ತರ ಸುಮಾರಿಗೆ ತಿಪಟೂರಿನಲ್ಲಿ ನಡೆದ ತರಬೇತಿಯೊಂದರಲ್ಲಿ ಅವರು ಬ್ಲಾಗೆಂಬುದನ್ನು ಕಂಡರು. ಶಾಲೆಯ ಗೋಡೆಪತ್ರಿಕೆಯಂತೆಯೇ ಅದು. ಆದರೆ ಈ ಗೋಡೆಯನ್ನು ಲೋಕದಲ್ಲಿ ಯಾರು ಬೇಕಾದರೂ ಓದಬಹುದು, ಕೆಳಗೆ ತಮ್ಮ ಮಾತನ್ನೂ ಬರೆಯಬಹುದು. ಮಕ್ಕಳು ಬರೆದುದನ್ನು ಶನಿವಾರ ಮಧ್ಯಾಹ್ನ ತಿಪಟೂರಿನ ಸೈಬರ್ ಕೇಂದ್ರಕ್ಕೆ ಒಯ್ದು ಅವರು ಬ್ಲಾಗಿಗೆ ಏರಿಸತೊಡಗಿದರು. ಕಾಣದ ಊರಿನವರು ತಮ್ಮನ್ನು ಓದುತ್ತಿದ್ದಾರೆಂದು ತಿಳಿದದ್ದೇ ತಡ, ಮಕ್ಕಳು ಗೈಡನ್ನು ಕೈಬಿಟ್ಟರು. ಅಟ್ಟಕ್ಕೇರಿಸಿದ ಕಾಯಿ ಒಣಗಿ ಕೊಬ್ಬರಿಯಾಗುತ್ತದೆ; ಅಟ್ಟಕ್ಕೇರಿಸಿದ ಮಾತು ಒಣಗಿ ಏನೂ ಆಗುವುದಿಲ್ಲ ಎಂಬುದನ್ನು ನಾನು ಅವರಿಂದಲೇ ಕಲಿತೆ.

ಒಂಬತ್ತನೆಯ ತರಗತಿಯ ಧನುಶ್ರೀ 'ನಮ್ಮ ಮನೆಯ ಅಟ್ಟ' ಎಂಬ ಲೇಖನ ಬರೆದಳು. ಚಿಕ್ಕಪ್ಪನ ಮೊಬೈಲಿನಲ್ಲಿ ತೆಗೆಸಿದ ಚಿತ್ರವನ್ನೂ ಕೊಟ್ಟಳು. ಅಷ್ಟಕ್ಕೇ ನಿಲ್ಲದೆ, ಅಟ್ಟದಲ್ಲಿರುವ ಕಾಯಿಗಳ ಸಂಖ್ಯೆಯನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ನಮೂದಿಸಿದಳು. ಸಿದ್ದಗಂಗಮ್ಮನವರು ಕಾಗುಣಿತವನ್ನೆಲ್ಲ ತಿದ್ದಿದರು. ಆ ಸಂಖ್ಯೆಯಲ್ಲಿ ಕಾಗುಣಿತದ ತಪ್ಪಿರಲಿಲ್ಲವಾಗಿ ಅದು ಅವರ ಕಣ್ಣಿಗೆ ಬೀಳಲಿಲ್ಲ.

ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಬ್ಲಾಗು ಓದಿದ್ದ ಯಾರೋ ಹುಡುಗಿಯ ತಂದೆಯನ್ನು ತಡೆದು ಆ ಸಂಖ್ಯೆಯನ್ನೇ ಹೇಳಿ ಅಭಿನಂದಿಸಿದರು. ಆ ವಾರವೇ ಅಟ್ಟದಲ್ಲಿ ನಾಲ್ಕಾರು ಕಾಯಿ ಕೊಳೆತು ನಾತ ಹೊಡೆಯಿತು. ಕಾಯಿ ಕೊಳೆಯುವುದು ಪ್ರತಿ ವರ್ಷದ ಮಾತೇ. ಆದರೂ ಹುಡುಗಿಯ ಅಜ್ಜಿ ಭೀಮಕ್ಕ ಸೆರಗು ಬಿಗಿದು ಶಾಲೆಗೆ ಬಂದರು.

"ಏನವ್ವ ಮೇಷ್ಟ್ರಮ್ಮ, ನಮ್ಮ ಅಟ್ಟನ ಲೋಕಕ್ಕೆಲ್ಲ ಬಿಚ್ಚಿಟ್ಟಿದ್ದೀಯಂತೆ?"

"ತಪ್ಪಾಯ್ತು ಕಣಮ್ಮ. ಈ ಶನಿವಾರಾನೇ ಅಳಿಸಿಬಿಡ್ತೀನಿ."

"ಬರ್ದಿದ್ದು ಅಳಿಸ್ತೀಯ. ನೋಡಿದ ಕಣ್ಣು ಅಳಿಸ್ತೀಯಾ?"

ಧನುಶ್ರೀ ಸಮಾಧಾನ ಹೇಳಲು ಹೋದಳು. "ಭಾಳ ಜನ ಏನೂ ನೋಡಿಲ್ಲ ಕಣಜ್ಜಿ. ಇನ್ನೂರು ಚಿಲ್ರೆ ಅಷ್ಟೆ."

"ಇನ್ನೂರಾ? ನಮ್ಮ ಹಟ್ಟೀಲಿ ಕುರಿ ಕಣ್ಣು ಸೇರಿಸಿದ್ರೂ ಅಷ್ಟಾಗಕಿಲ್ಲ ಕಣೇ."

ಮುಖ್ಯೋಪಾಧ್ಯಾಯ ರೇವಣಸಿದ್ದಯ್ಯನವರು ಕನ್ನಡಕ ಒರೆಸುತ್ತ, "ಮುಚ್ಚಿಬಿಡಿ ಮೇಡಂ. ಹೆಂಗಿದ್ರೂ ಸಿಲಬಸ್ಸಿನಲ್ಲಿ ಇಲ್ಲ" ಎಂದರು.

ಸಿದ್ದಗಂಗಮ್ಮನವರ ಮುಖ ಬಾಡಿತು. ಬ್ಲಾಗು ಮುಚ್ಚಿದರೆ ಮಕ್ಕಳು ಮರಳಿ ಗೈಡಿನ ಬಸ್ ನಿಲ್ದಾಣಕ್ಕೇ ಹೋಗಿ ನಿಲ್ಲುವರೆಂದು ಅವರಿಗೆ ಗೊತ್ತಿತ್ತು. ಭೀಮಕ್ಕನವರ ಕೈ ಹಿಡಿದು, "ಪರಿಹಾರ ನೀವೇ ಹೇಳಿ, ಮಾಡ್ತೀನಿ" ಎಂದು ಬೇಡಿದರು.

"ದೃಷ್ಟಿ ತೆಗೆಯಕ್ಕೆ ನೋಡಿದೋರ ಕಾಲಡಿ ಮಣ್ಣು ಬೇಕು. ಅಮಾಸೆ ಒಳಗೆ ತಂದ್ಕೊಡು, ಬರೆಸ್ಕೋ. ಇಲ್ದಿದ್ರೆ ನನ್ನ ಮೊಮ್ಮಗಳು ಅದಕ್ಕೆ ಒಂದಕ್ಷರ ಬರೆಯಂಗಿಲ್ಲ."

"ನ್ಯಾಯವಾದ ಮಾತು" ಎಂದು ರೇವಣಸಿದ್ದಯ್ಯನವರು ನಕ್ಕರು. ಮಣ್ಣು ಬಾರದಿದ್ದರೆ ಅಮಾವಾಸ್ಯೆಗೆ ಬ್ಲಾಗು ಬಂದ್ ಎಂದು ಅಲ್ಲಿಯೇ ತೀರ್ಮಾನವಾಯಿತು.

ಭಕ್ತಿಯುಳ್ಳವರಿಗೆ ಬೇಡಲು ನಾಚಿಕೆಯಿಲ್ಲ. ಆ ಶನಿವಾರ ಬ್ಲಾಗಿನಲ್ಲಿ ಸಂಖ್ಯೆ ಅಳಿಯಿತು, ಅದರ ಜಾಗದಲ್ಲಿ ಧನುಶ್ರೀಯ ಮನವಿ ಬಂತು: "ಓದುಗರೇ, ನೀವು ನಮ್ಮ ಅಟ್ಟ ನೋಡಿದ್ದೀರಿ. ದಯಮಾಡಿ ನಿಮ್ಮ ಕಾಲಡಿಯ ಮಣ್ಣನ್ನು ಒಂದು ಚಿಟಿಕೆ ಶಾಲೆಗೆ ಕಳುಹಿಸಿ. ನಮ್ಮಜ್ಜಿಗೆ ಬೇಕಾಗಿದೆ." ಕೆಲವರು ಅದರ ಕೆಳಗೆ ನಕ್ಕರು. ಒಬ್ಬರು ಮೂಢನಂಬಿಕೆಯ ಮೇಲೆ ಉದ್ದನೆಯ ಉಪನ್ಯಾಸವನ್ನೇ ಬರೆದರು.

ಆಮೇಲೆ ಲಕೋಟೆಗಳು ಬರತೊಡಗಿದವು. ಅಂಚೆಯವನು, "ಏನ್ ಸಾ, ಸ್ಕೂಲು ಕಟ್ಟಕ್ಕೆ ಮಣ್ಣು ಪೋಸ್ಟಲ್ಲಿ ತರಿಸ್ತಿದ್ದೀರಾ?" ಎಂದು ಮುಖ್ಯೋಪಾಧ್ಯಾಯರನ್ನು ಕೇಳಿದ. ಕೆಂಪು, ಕಪ್ಪು, ಬೂದು ಬಣ್ಣದ ಮಣ್ಣು, ಕಡಲ ತೀರದ ಮರಳು. ಉಪನ್ಯಾಸ ಬರೆದಿದ್ದವರೂ ಕಳುಹಿಸಿದ್ದರು. ಭೂಗೋಳ ಕಲಿಸುತ್ತಿದ್ದ ರೇವಣಸಿದ್ದಯ್ಯನವರು ಎಲ್ಲವನ್ನೂ ಹಳೆಯ ಪತ್ರಿಕೆಗಳ ಮೇಲೆ ಹರವಿ, ಯಾರೂ ಕೇಳದೆಯೇ ಮಣ್ಣಿನ ಪಾಠ ಆರಂಭಿಸಿದರು. ಬ್ಲಾಗು ಮುಚ್ಚುವ ಮಾತನ್ನು ಮತ್ತೆ ಎತ್ತಲಿಲ್ಲ. ಆದರೆ ಒಪ್ಪಬೇಕಾದವರು ಭೀಮಕ್ಕ.

ಅಮಾವಾಸ್ಯೆಯ ದಿನ ಅವರು ಬಂದು ಕುಕ್ಕರಗಾಲಿನಲ್ಲಿ ಕುಳಿತು ಒಂದೊಂದನ್ನೂ ಬೆರಳಿನಲ್ಲಿ ಉಜ್ಜಿ, ಮೂಸಿ ನೋಡಿದರು. ಕಪ್ಪು ಮಣ್ಣಿನ ಹತ್ತಿರ ಕೈ ನಿಂತಿತು.

"ಇದು ಎರೆ ಮಣ್ಣು. ಇವರ ಕಡೆ ಜೋಳ ಬೆಳೀತಾರೆ, ತೆಂಗಿಲ್ಲ. ಆಸೆಪಟ್ಟು ನೋಡವ್ರೆ, ಪಾಪ."

ಇನ್ನೊಂದು ಲಕೋಟೆಯಲ್ಲಿ ಬೂದಿಯಂಥ ದೂಳಿತ್ತು. ಜೊತೆಗೆ ಹೆಣ್ಣುಮಗಳೊಬ್ಬಳು ಬರೆದಿದ್ದ ಚೀಟಿಯನ್ನು ಧನುಶ್ರೀ ಓದಿದಳು: "ನಾವು ಇರುವುದು ನಾಲ್ಕನೆಯ ಮಹಡಿಯಲ್ಲಿ. ಕಾಲಡಿಯಲ್ಲಿ ಮಣ್ಣಿಲ್ಲ. ತುಳಸಿ ಕುಂಡದಿಂದ ತೆಗೆದು ಕಳುಹಿಸಿದ್ದೇನೆ. ಅಜ್ಜಿ ಕ್ಷಮಿಸಬೇಕು."

ಭೀಮಕ್ಕ ಲಕೋಟೆಯೊಳಗೆ ಬಗ್ಗಿ ನೋಡಿದರು.

"ಕಾಲಡೀಲಿ ಮಣ್ಣೇ ಇಲ್ವಂತಾ?"

"ಇಲ್ವಂತೆ ಕಣಜ್ಜಿ."

"ನೋಡ್ಲಿ ಬುಡು. ಅಂಥೋರು ಇನ್ನೇನ್ ನೋಡ್ಯಾರು?"

ಆದರೂ ಶಾಸ್ತ್ರ ಬಿಡುವವರಲ್ಲ. ಎಲ್ಲ ಮಣ್ಣನ್ನೂ ಒಂದಿಷ್ಟಿಷ್ಟು ಮೆಣಸಿನಕಾಯಿಯೊಂದಿಗೆ ಸೆರಗಿಗೆ ಕಟ್ಟಿಕೊಂಡರು. ತುಳಸಿ ಕುಂಡದ ದೂಳನ್ನು ಮಾತ್ರ ಮುಟ್ಟಲಿಲ್ಲ. ಬಾಗಿಲವರೆಗೆ ಹೋದವರು ತಿರುಗಿ ನಿಂತು ಸಿದ್ದಗಂಗಮ್ಮನವರಿಗೆ ಹೇಳಿದರು:

"ಮೇಷ್ಟ್ರಮ್ಮ, ನಮ್ಮ ತೋಟದ ಮಣ್ಣು ಒಂದು ಹಿಡಿ ಕೊಟ್ಟು ಕಳಿಸ್ತೀನಿ. ಆಯಮ್ಮನಿಗೆ ಪೋಸ್ಟ್ ಹಾಕ್ಬುಡು, ಕುಂಡಕ್ಕೆ ಸುರ್ಕೊಳ್ಲಿ."